ಅಕ್ಕನ ದೋಣಿಗೆ ನಾನು ಬಣ್ಣ ಹಚ್ಚಿದ್ದು

ನನ್ನ ಕೈಗಡಿಯಾರದ ಚರ್ಮದ ಪಟ್ಟಿಯ ಮೇಲೆ ಒಂದು ಕೆಂಪು ಹನಿ ಇದೆ. ಕಡಲೆಕಾಳಿನಷ್ಟು ದೊಡ್ಡದು. ಅಂಗಡಿಗೆ ಬಂದ ಗಿರಾಕಿಗಳು ಅದನ್ನು ನೋಡಿ, "ಏನ್ರಿ ಸಾವ್ಕಾರ್ರ, ನೀವೂ ಬಣ್ಣಾ ಹಚ್ಚಾಕ ಹೋಗ್ತೀರೇನು?" ಎಂದು ಕೇಳುತ್ತಾರೆ. ಅವರ ದನಿಯಲ್ಲಿ ಅನುಮಾನವಿರುತ್ತದೆ. ಇರಬೇಕಾದದ್ದೇ. ರಾಣೆಬೆನ್ನೂರಿನಲ್ಲಿ ಬಣ್ಣದಂಗಡಿ ಇಟ್ಟು ಇಪ್ಪತ್ತೆಂಟು ವರ್ಷವಾಯಿತು, ಈ ಇಪ್ಪತ್ತೆಂಟು ವರ್ಷದಲ್ಲಿ ನನ್ನ ಮೈಗೆ ಬಣ್ಣ ಹತ್ತಿದ್ದು ಅದೊಂದೇ ಸಲ.

ಮಾತಿಗೇನೂ ಕೊರತೆಯಿಲ್ಲ ನೋಡಿ. ಪ್ರೈಮರ್ ಎಷ್ಟು ಕೈ, ಟರ್ಪೆಂಟೈನ್ ಎಷ್ಟು ಬೆರೆಸಬೇಕು, ಎರಡನೆಯ ಕೈ ಹಚ್ಚುವ ಮೊದಲು ಎಷ್ಟು ತಾಸು ಒಣಗಬೇಕು, ಎಲ್ಲವನ್ನೂ ನಿಂತಲ್ಲೇ ಹೇಳುತ್ತೇನೆ. "ಚೆಂದಾಗಿ ತಿಕ್ರಿ, ತಿಕ್ಕೋದ್ರಾಗ ಐತಿ ಎಲ್ಲಾ" ಎಂಬುದು ನನ್ನ ಬಾಯಿಪಾಠದ ಮಾತು. ನಾನು ಮಾತ್ರ ಎಂದೂ ತಿಕ್ಕಿದವನಲ್ಲ. ನಮ್ಮ ಮನೆಯ ಗೇಟಿಗೇ ತುಕ್ಕು ಹಿಡಿದಿದೆ. ನನ್ನ ಹೆಂಡತಿ ಸುಮಾ ವರ್ಷಕ್ಕೊಮ್ಮೆ ಅದನ್ನು ನೆನಪಿಸುತ್ತಾಳೆ. ನಾನು ವರ್ಷಕ್ಕೊಮ್ಮೆ, ಯಾವ ಕಂಪನಿಯ ಬಣ್ಣ ಒಳ್ಳೆಯದೆಂದು ಅವಳಿಗೆ ವಿವರಿಸುತ್ತೇನೆ.

ಇಂಥ ನನಗೆ ಒಂದು ದಿನ ಕಾರವಾರದಿಂದ ಕಸ್ತೂರಕ್ಕ ಫೋನು ಮಾಡಿದಳು. ನನ್ನ ಒಬ್ಬಳೇ ಅಕ್ಕ, ನನಗಿಂತ ಆರು ವರ್ಷ ದೊಡ್ಡವಳು. ಭಾವ ಅಲ್ಲಿ ಬ್ಯಾಂಕಿನಲ್ಲಿದ್ದರು. ಮೂವತ್ತು ವರ್ಷ ಅಲ್ಲೇ ಕಳೆದು, ಈಗ ಇತ್ತ ಬರಬೇಕೆಂದು ನಮ್ಮ ಹಿಂದಿನ ಓಣಿಯಲ್ಲೇ ಮನೆ ಹಿಡಿದಿದ್ದರು.

"ಬಸ್ಯಾ, ಸಾಮಾನು ಆಮ್ಯಾಲೆ ಬರ್ತಾವ. ಮೊದಲ ದೋಣಿ ಬರತೈತಿ" ಎಂದಳು ಅಕ್ಕ. "ಮೆಣಸಿನಕಾಯಿ ತುಂಬಾಕ ಬ್ಯಾಡಗಿಗೆ ಒಂದು ಖಾಲಿ ಲಾರಿ ಹೊಂಟೈತಿ, ಅದರಾಗ ಕಳಸಾಕತ್ತೇನಿ. ಪ್ಯಾಟ್ಯಾಗ ನಿಂತು ಇಳಿಸ್ಕೋ. ಅದರ ಹೊಟ್ಟಿ ಕೆಳಗ ಉದ್ದಕ ಒಂದು ಕಟಗಿ ಪಟ್ಟಿ ಐತಿ. ಅದನ್ನ ಮಾತ್ರ ನೆಲಕ್ಕ ಬಡಿಸಬ್ಯಾಡ. ಟೈರ್ ಹಾಸಿ, ಹಗೂರಕ ಇಳಸು."

"ಅಕ್ಕಾ, ನನಗ ಹೇಳೂದೇನೈತಿ? ದೋಣಿ ಚಿಂತಿ ಬಿಡ್ರಿ ಅಂತ ಭಾವಾರಿಗೆ ಹೇಳು" ಎಂದೆ.

ಅತ್ತ ಕಡೆ ಅಕ್ಕ ಏನೋ ಹೇಳಹೊರಟು ಬಿಟ್ಟಳು. ಆಮೇಲೆ, "ಆತು, ಹೇಳ್ತೀನಿ" ಎಂದಳು.

ಬ್ಯಾಡಗಿ ಪೇಟೆಯನ್ನು ಕಂಡವರಿಗೆ ನಾನು ಹೆಚ್ಚು ಹೇಳಬೇಕಿಲ್ಲ. ಸುಗ್ಗಿಯ ದಿನಗಳಲ್ಲಿ ಅಲ್ಲಿ ಗಾಳಿಯೇ ಕೆಂಪಗಿರುತ್ತದೆ. ಪೇಟೆಯವರು ಆ ಗಾಳಿಯಲ್ಲಿ ನಿಂತು ನಗುನಗುತ್ತ ಚಹಾ ಕುಡಿಯುತ್ತಾರೆ, ನಮ್ಮಂಥವರು ಬಸ್ಸಿಳಿದ ಕ್ಷಣದಿಂದ ಸೀನಲು ಶುರು ಮಾಡುತ್ತೇವೆ. ಲಾರಿ ಬಂತು. ಒಳಗೆ ದೋಣಿ. ನಾಲ್ಕಾಳುದ್ದವಿರಬಹುದು, ಹಳೆಯದು, ಮರದ್ದು. ಪಕ್ಕದಲ್ಲಿ ಪಟದ ಕಂಬ, ಹಗ್ಗ ಸುತ್ತಿದ ಪಟದ ಗಂಟು. ಮೆಣಸಿನಕಾಯಿ ಚೀಲಗಳ ನಡುವೆ ಅದನ್ನು ನೋಡಲು ಅರ್ಧ ಪೇಟೆಯೇ ನೆರೆಯಿತು.

ಜನ ನೆರೆದರೆ ನನಗೆ ಹುರುಪು ಹೆಚ್ಚು. ಎರಡು ಚೀಲದ ಮೇಲೆ ಹತ್ತಿ ನಿಂತು ಎಂಟು ಜನ ಹಮಾಲರಿಗೆ ಹುಕುಂ ಕೊಡತೊಡಗಿದೆ. "ಎಡಕ್ಕ… ಹಾಂ… ಮುಂದ ಎತ್ರಿ… ಹಗೂರಕ…" ಅವರು ದೋಣಿಯನ್ನು ಲಾರಿಯಿಂದ ಈಚೆ ತಂದು ಹೆಗಲ ಮೇಲೆ ಹಿಡಿದು ನಿಂತರು. ಟೈರುಗಳು ಇನ್ನೂ ನಾಲ್ಕು ಹೆಜ್ಜೆ ಆಚೆಗಿದ್ದವು. "ತಡೀರಿ" ಎನ್ನಲು ಬಾಯಿ ತೆರೆದೆ. ಸೀನು ಬಂತು.

"ಹಾ… ಹಾ… ಹಾಕ್ಷಿ!"

ಎಂಟು ಜನಕ್ಕೂ ಅದು "ಹಾಕ್ರಿ" ಎಂದು ಕೇಳಿಸಿತು. ಹಾಕಿದರು.

ಕಲ್ಲಿನ ಮೇಲೆ ಲಟ್ಟೆಂದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಬಗ್ಗಿ ನೋಡಿದರೆ, ಅಕ್ಕ ಹೇಳಿದ ಅದೇ ಪಟ್ಟಿ ಒಂದು ಮೊಳದಷ್ಟು ಉದ್ದಕ್ಕೆ ಸೀಳಿ, ಒಂದು ಚಕ್ಕೆ ಜೋತಾಡುತ್ತಿತ್ತು.

"ನೀವ ಹಾಕ್ರಿ ಅಂದ್ರೆಲ್ಲಾ!" ಎಂದ ಹಮಾಲರ ಮುಂದಾಳು.

"ನಾ ಸೀನಿದ್ನೋ!"

"ಸೀನೂ ಮುಂದ ಹೇಳಬೇಕಲ್ರಿ ಮತ್ತ, ಸೀನತೇನಿ ಅಂತ!"

ಲಾರಿಯ ಡ್ರೈವರು ಬಂದು ನೋಡಿ, "ಕೀಲ್ ಹೋತಲ್ರಿ" ಎಂದ. ಆ ಪಟ್ಟಿಗೆ ಕಡಲ ಕಡೆಯವರು ಕೀಲ್ ಎನ್ನುತ್ತಾರಂತೆ. ನನಗೆ ಅಂದೇ ಗೊತ್ತಾದದ್ದು. ಮನೆಗೆ ಫೋನು ಮಾಡಿದಾಗ ಗಡಿಬಿಡಿಯಲ್ಲಿ ಹೊಸ ಶಬ್ದವನ್ನೇ ಬಳಸಿಬಿಟ್ಟೆ: "ಸುಮಾ, ಬ್ಯಾಡಗ್ಯಾಗ ಕೀಲ್ ಮುರೀತು." ಅವಳು ಅದನ್ನು ಪಕ್ಕದ ಮನೆಗೆ ಹೇಳಿದಳು. ಪಕ್ಕದ ಮನೆಯವರು ಊರಿಗೆ ಹೇಳಿದರು.

ಟ್ರ್ಯಾಕ್ಟರಿನಲ್ಲಿ ದೋಣಿ ಹೇರಿಕೊಂಡು ಬಂದು ಅಂಗಡಿಗೂ ಮನೆಗೂ ಒಂದೇ ಆದ ಹಿತ್ತಲಲ್ಲಿ, ಖಾಲಿ ಡ್ರಮ್ಮುಗಳ ಮೇಲೆ ಇಳಿಸಿದೆ. ಮರುದಿನ ಬೆಳಿಗ್ಗೆ ಹಲಗೇರಿಯ ನಮ್ಮ ದೊಡ್ಡಪ್ಪ ಒಂದು ಬಾಟಲಿ ಎಣ್ಣೆ ಹಿಡಿದು ಬಂದರು. ಮುರಿದ ಎಲುಬಿಗೆ ತಿಕ್ಕುವ ನಾಟಿ ಎಣ್ಣೆ. "ಯಾವ ಕೀಲೋ ಬಸು? ಮೊಣಕಾಲಿಂದೋ, ಭುಜದ್ದೋ?" ಎಂದರು.

ಆಗ ನಿಜ ಹೇಳಿದ್ದರೆ ಮುಗಿದಿತ್ತು. ಆದರೆ ದೊಡ್ಡಪ್ಪನಿಗೆ ಹೇಳಿದ ಸಂಗತಿ ಊಟದ ಹೊತ್ತಿಗೆ ಕಾರವಾರ ಮುಟ್ಟುತ್ತದೆ. ಅಕ್ಕ ಬರಲು ಇನ್ನೂ ಹತ್ತು ದಿನವಿತ್ತು. ಅಷ್ಟರಲ್ಲಿ ಹೇಗಾದರೂ ಸರಿ ಮಾಡಿಬಿಡಬಹುದೆಂದು ನನ್ನ ಲೆಕ್ಕ. "ಮೊಣಕಾಲಿಂದು" ಎಂದೆ. ಕೂತು ಎರಡೂ ಮೊಣಕಾಲಿಗೆ ತಿಕ್ಕಿಸಿಕೊಂಡೆ. ಆ ಎಣ್ಣೆಯ ವಾಸನೆಗೆ ಎರಡು ದಿನ ಗಿರಾಕಿಗಳು ಕೌಂಟರಿನಿಂದ ದೂರ ನಿಂತು ವ್ಯಾಪಾರ ಮಾಡಿದರು. ಮತ್ತೆ ಹತ್ತು ದಿನವೂ ಓಣಿಯಲ್ಲಿ ಕುಂಟಿದೆ. ಕುಂಟುವುದು ಸುಲಭವಲ್ಲ. ಮುಖ್ಯ ತೊಂದರೆ, ನಿನ್ನೆ ಯಾವ ಕಾಲಲ್ಲಿ ಕುಂಟಿದ್ದೆನೆಂದು ನೆನಪಿಡುವುದು.

ರಿಪೇರಿಯನ್ನು ನಾನೇ ಮಾಡಿದೆ. ಬಡಿಗನನ್ನು ಕರೆದರೆ ಬಾಯಿ ಬಿಡುತ್ತಾನೆಂಬ ಹೆದರಿಕೆ ಒಂದು, ಬಣ್ಣದಂಗಡಿಯವನಿಗೆ ಇದೇನು ಮಹಾ ಎಂಬ ಸೊಕ್ಕು ಇನ್ನೊಂದು. ಅಂಗಡಿಯಲ್ಲಿ ಏನಿತ್ತೋ ಅದೇ ಮದ್ದು. ಗೋಡೆಗೆ ಬಳಿಯುವ ಪುಟ್ಟಿಯನ್ನು ಕಲಸಿ ಬಿರುಕಿಗೆ ತುಂಬಿದೆ. ಜೋತಾಡುತ್ತಿದ್ದ ಚಕ್ಕೆಯನ್ನು ಅಂಟು ಹಾಕಿ ಒತ್ತಿ ಕೂಡಿಸಿದೆ. ಒಣಗಿದ ಮೇಲೆ ಗೇಟಿಗೆ ಹಚ್ಚುವ ಬಣ್ಣ, ಅದೂ ಬ್ಯಾಡಗಿ ಮೆಣಸಿನಕಾಯಿಯಂಥ ಕೆಂಪು, ಎರಡು ಕೈ. ದೋಣಿಯ ಕೆಳಗೆ ಅಂಗಾತ ಮಲಗಿ ಹಚ್ಚುವಾಗ ಕುಂಚದಿಂದ ಒಂದು ಹನಿ ಗಡಿಯಾರದ ಪಟ್ಟಿಗೆ ಬಿತ್ತು. ಮುಖದ ಮೇಲೆ ಎಷ್ಟು ಬಿದ್ದವೆಂದು ಕೇಳಬೇಡಿ. ಎದ್ದು ನಿಂತು ನೋಡಿದೆ. ಬಿರುಕು ಎಲ್ಲಿತ್ತೆಂದು ನನಗೇ ಗೊತ್ತಾಗಲಿಲ್ಲ. ಕದ್ದು ಮಾಡಿದ ಕೆಲಸವನ್ನು ಅಕ್ಕ ಬಂದಾಗ ಉಡುಗೊರೆ ಎಂದು ಕೊಡುವ ವಿಚಾರ ಆಗಲೇ ಹೊಳೆದದ್ದು.

ಅಕ್ಕ, ಭಾವ ಬಂದರು. ಅಕ್ಕ ಕಾರಿನಿಂದ ಇಳಿದವಳು ನೀರೂ ಕುಡಿಯದೆ ನೇರ ಹಿತ್ತಲಿಗೆ ಹೋದಳು. ಭಾವ ಕಟ್ಟೆಯ ಮೇಲೆ ಕೂತು ಪೇಪರು ಬಿಚ್ಚಿದರು.

"ಭಾವಾರ, ಬರ್ರಿ, ನಿಮ್ಮ ದೋಣಿ ನೋಡ್ರಿ. ಹೊಸಾ ಬಣ್ಣಾ ಹಚ್ಚೇನಿ" ಎಂದೆ.

"ನಂದೆಲ್ಲೀದೋ?" ಎಂದರು ಭಾವ, ಪೇಪರಿನಿಂದ ತಲೆ ಎತ್ತದೆ. "ಅದು ನಿಮ್ಮ ಅಕ್ಕಂದು. ನನಗ ಬಕೀಟಿನ್ಯಾಗ ನೀರು ಅಳ್ಳಾಡಿದ್ರೂ ತಲಿ ತಿರಗತೈತಿ."

ನಾನು ನಕ್ಕೆ. ಭಾವ ನಗಲಿಲ್ಲ. ಕಾರವಾರದಲ್ಲಿ ಪಕ್ಕದ ಮನೆಯ ಮುದುಕರೊಬ್ಬರು ತಮ್ಮ ಕೈಲಿ ಹಗ್ಗ ಎಳೆಯಲಾಗದ ಮೇಲೆ ಅಕ್ಕನಿಗೆ ದೋಣಿ ನಡೆಸಲು ಕಲಿಸಿದ್ದು, ಊರು ಬಿಡುವಾಗ ದೋಣಿಯನ್ನು ಅವಳಿಗೇ ಕೊಟ್ಟು ಹೋದದ್ದು, ಹದಿನೈದು ವರ್ಷದಿಂದ ಅಕ್ಕ ಭಾನುವಾರವೆಲ್ಲ ಪಟ ಕಟ್ಟಿಕೊಂಡು ನೀರಿನ ಮೇಲಿದ್ದದ್ದು, ಇದೆಲ್ಲ ನನಗೆ ತಿಳಿದದ್ದು ಆ ಕಟ್ಟೆಯ ಮೇಲೆ. "ಫೋನಿನ್ಯಾಗ ಎಷ್ಟೋ ಸಲ ಹೇಳಾಕ ಹೋಗ್ಯಾಳ. ಆಕಿ ದೋಣಿ ಅಂದ ಕೂಡಲೇ ನೀ ಭಾವಾರಿಗೆ ಫೋನ್ ಕೊಡು ಅಂತಿದ್ದಿಯಂತ" ಎಂದರು ಭಾವ.

ಇಲ್ಲಿ ಒಂದು ಹಳೆಯ ಕತೆ ಹೇಳಲೇಬೇಕು. ನಮ್ಮ ಮನೆತನದಲ್ಲಿ "ಕಸ್ತೂರಿಗೆ ನೀರಂದ್ರ ಹೆದರಿಕಿ" ಎಂಬ ಮಾತು ಗಟ್ಟಿಯಾಗಿ ನಿಂತಿದೆ. ಚಿಕ್ಕವರಿದ್ದಾಗ ಸೂಟಿಯಲ್ಲಿ ನಾವಿಬ್ಬರೂ ಗುತ್ತಲಕ್ಕೆ ಹೋಗಿ, ಅಲ್ಲಿಂದ ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿ ಆಚೆ ದಂಡೆಯ ದೊಡ್ಡವ್ವನ ಊರಿಗೆ ಹೋಗುತ್ತಿದ್ದೆವು. ಒಂದು ಸಲ ಬುಟ್ಟಿಯಂಥ ಆ ಹರಿಗೋಲು ನಡು ಹೊಳೆಯಲ್ಲಿ ಗಿರ್ರನೆ ಒಂದು ಸುತ್ತು ಹಾಕಿತು. ನನಗೆ ಆಗ ಏಳು ವರ್ಷ. ಚುರುಮುರಿ ಗಂಟನ್ನು ಎದೆಗವಚಿಕೊಂಡು, ದಂಡೆಯ ಮೇಲಿನ ದನಗಳು ತಿರುಗಿ ನೋಡುವಂತೆ ಅತ್ತೆ. ಅಕ್ಕ ಅಂಬಿಗನ ಕೈಯಿಂದ ಹುಟ್ಟು ಕೇಳಿ ಇಸಿದುಕೊಂಡು, ನಿಂತು, ನೀರಿಗೆ ಹಾಕುತ್ತಿದ್ದಳು. ಮನೆ ಮುಟ್ಟಿದ ಮೇಲೆ "ಅಳಾಕತ್ತಿದ್ದು ಯಾರು?" ಎಂದು ದೊಡ್ಡವ್ವ ಕೇಳಿದಾಗ ನಾನು ಅಕ್ಕನ ಕಡೆ ಬೆರಳು ಮಾಡಿದೆ. ನನ್ನ ಕಣ್ಣಲ್ಲಿ ಇನ್ನೂ ನೀರಿತ್ತು, ಆದರೂ ಎಲ್ಲರೂ ನಂಬಿದರು. ಗಂಡುಹುಡುಗ ನೋಡಿ. ನಂಬಿ ನಂಬಿ ಕೊನೆಗೆ ನಾನೇ ಅದನ್ನು ನಂಬಿಬಿಟ್ಟಿದ್ದೆ.

ಹಿತ್ತಲಿಗೆ ಹೋದೆ. ಅಕ್ಕ ದೋಣಿಯ ಕೆಳಗೆ ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ, ಕೀಲಿನ ಉದ್ದಕ್ಕೂ ಅಂಗೈ ಆಡಿಸುತ್ತಿದ್ದಳು. ಕೈ ಒಂದು ಕಡೆ ನಿಂತಿತು.

"ಒಂದು ಬಕೀಟು ನೀರು ತಾ" ಎಂದಳು.

ತಂದೆ. ಒಂದು ಗೋಣಿತಟ್ಟನ್ನು ಅದರಲ್ಲಿ ಅದ್ದಿ, ಆ ಜಾಗಕ್ಕೆ ಸುತ್ತಿ, ಒಳಗೆ ಹೋಗಿ ಸುಮಾ ಜೊತೆ ಮಾತಾಡುತ್ತ ಕೂತಳು. ಊಟ ಮುಗಿಸಿ ಬಂದು ತಟ್ಟು ಬಿಚ್ಚಿ, ತಲೆಯ ಪಿನ್ನು ತೆಗೆದು ಚುಚ್ಚಿದಳು. ನನ್ನ ಗೇಟಿನ ಬಣ್ಣ ಹಪ್ಪಳದಂತೆ ಎದ್ದು ಬಂತು. ಒಳಗಿನ ಪುಟ್ಟಿ ನೆನೆದ ಅವಲಕ್ಕಿಯ ಹಾಗೆ ಅವಳ ಅಂಗೈಗೆ ಇಳಿಯಿತು. ಚಕ್ಕೆ ಮತ್ತೆ ಜೋತುಬಿತ್ತು.

"ಇದು ಗ್ವಾಡಿ ಅಲ್ಲೋ ಬಸ್ಯಾ."

"ದಾರ್ಯಾಗ ಬಿರುಕು ಬಿಟ್ಟಿತ್ತು ಅನ್ನಸತೈತಿ ಅಕ್ಕಾ…"

"ಕಾಲ್ಯಾಕ ಕುಂಟಾಕತ್ತೀದಿ?"

"ಕೀಲು…"

"ಮುಂಜಾನಿ ಬಲಗಾಲು ಕುಂಟತಿತ್ತು. ಈಗ ಎಡಗಾಲು."

ಹೇಳಿದೆ. ಬ್ಯಾಡಗಿ, ಸೀನು, ಎಣ್ಣೆ, ಎಲ್ಲ. ನಗುತ್ತಾಳೆಂದುಕೊಂಡಿದ್ದೆ. ಸೀನಿನ ಭಾಗವನ್ನು ಸ್ವಲ್ಪ ಅಭಿನಯಿಸಿಯೇ ಹೇಳಿದೆ. ಅವಳು ನಗಲಿಲ್ಲ. ಅಂಗೈಯ ಪುಟ್ಟಿಯನ್ನು ಬಕೀಟಿನಲ್ಲಿ ತೊಳೆದುಕೊಂಡು ಎದ್ದಳು.

"ಮುರದದ್ದಕ್ಕ ನನಗ ಸಿಟ್ಟಿಲ್ಲ. ಕಟಗಿ, ಮುರೀತೈತಿ. ನೀ ಮುಚ್ಚಿದಿ. ನಾ ಕೈ ಆಡಸಲಾರದ ಇದನ್ನ ಹೊಳಿಗೆ ಇಳಿಸಿದ್ರ? ನಡೂ ನೀರಾಗ ನಿನ್ನ ಗ್ವಾಡಿ ಗಿಲಾವು ಕರಗಿ ಇದು ಕಿತ್ತು ಬಂದಿದ್ರ? ಆವಾಗ ಯಾರ ಕಡೆ ಬೆರಳು ಮಾಡ್ತಿದ್ದಿ?"

ಎರಡು ದಿನ ಅಕ್ಕ ನಮ್ಮ ಮನೆಯ ಕಡೆ ಬರಲಿಲ್ಲ. ಅಂಗಡಿಯಲ್ಲಿ ಯಾರೋ ಬಂದು "ಯಾವ ಪುಟ್ಟಿ ಗಟ್ಟಿರೀ?" ಎಂದು ಕೇಳಿದರೆ, "ನನಗ ಗೊತ್ತಿಲ್ರಿ" ಎಂದೆ. ಅವನು ಗಾಬರಿಯಾಗಿ, "ಮೈಯಾಗ ಆರಾಮ ಐತಿಲ್ರಿ?" ಎಂದ.

ಮೂರನೆಯ ದಿನ ಹಲಗೇರಿಗೆ ಹೋಗಿ ಮೌನೇಶಪ್ಪನನ್ನು ಕರೆತಂದೆ. ಮೊದಲು ಚಕ್ಕಡಿ ಮಾಡುತ್ತಿದ್ದ ಬಡಿಗ, ಈಗ ಬಾಗಿಲು-ಕಿಟಕಿ ಮಾಡುತ್ತಾನೆ. ದೋಣಿಯನ್ನು ಅವನು ಹತ್ತಿರದಿಂದ ನೋಡಿದ್ದೇ ಇಲ್ಲ. ಬಡಿಗ ಬಂದನೆಂದು ಕೇಳಿ ಅಕ್ಕನೂ ಬಂದು, ಹಿತ್ತಲಿನ ಕಲ್ಲಿನ ಮೇಲೆ ಇದ್ದಿಲಿನಿಂದ ಬರೆದು ತೋರಿಸಿದಳು. "ಗಾಳಿ ಅಡ್ಡ ದಬ್ಬತೈತಿ. ಈ ಪಟ್ಟಿ ಕೆಳಗ ನೀರು ಹಿಡದ ನಿಂತ್ರ ದೋಣಿ ಅಡ್ಡ ಸರಿಯೂದಿಲ್ಲ, ಮುಂದಕ್ಕ ಹೋಗತೈತಿ."

"ಕುಂಟಿ ಹೊಡಿಯೂ ಮುಂದ ಕುಡ ನೆಲಾ ಹಿಡದಂಗ" ಎಂದ ಮೌನೇಶಪ್ಪ, ಹೊಲ ಹರಗುವ ಕುಂಟೆಯ ಕಬ್ಬಿಣದ ಅಲಗನ್ನು ನೆನೆದು.

"ಹಾಂ, ಹಂಗ!"

ಐದು ನಿಮಿಷದಲ್ಲಿ ಇಬ್ಬರೂ ಹತ್ತು ವರ್ಷದ ಗೆಳೆಯರಂತಾದರು. ಮುರಿದಷ್ಟನ್ನು ಓರೆಯಾಗಿ ಕೊಯ್ದು ತೆಗೆದು, ಅದೇ ಓರೆಗೆ ಸಾಗವಾನಿಯ ಹೊಸ ತುಂಡು ಕೂಡಿಸುವುದೆಂದು ಮಾತಾಯಿತು. "ಚಕ್ಕಡಿ ಪಟ್ಟಿ ಮುರದ್ರ ಹಿಂಗ ಮಾಡ್ತಿದ್ವಿ ಅಕ್ಕಾರ" ಎಂದ ಅವನು. ನಾನು ಸ್ಕ್ರೂ ತಂದುಕೊಟ್ಟೆ. ಇಬ್ಬರೂ ಒಟ್ಟಿಗೇ ತಿರುಗಿ ನೋಡಿದರು. ಕಬ್ಬಿಣದ್ದು. ತುಕ್ಕು ಹಿಡಿಯುತ್ತದಂತೆ. ಹಿತ್ತಾಳೆಯದನ್ನು ತಂದೆ.

ನನಗೆ ಅಕ್ಕ ಕೊಟ್ಟ ಕೆಲಸ ಒಂದೇ: ನಾನೇ ಹಚ್ಚಿದ ಕೆಂಪು ಬಣ್ಣವನ್ನು ಪೂರಾ ಹೆರೆದು, ಮರ ಕಾಣುವ ತನಕ ತಿಕ್ಕುವುದು. ಮೂರು ದಿನ ತಿಕ್ಕಿದೆ. ಮರಳು ಕಾಗದ ಮರವನ್ನು ತಿಕ್ಕುತ್ತದೋ ಬೆರಳನ್ನೋ ಎಂಬ ಅನುಮಾನ ಮೊದಲ ದಿನ ಬಂತು, ಎರಡನೆಯ ದಿನ ಬಗೆಹರಿಯಿತು. "ಚೆಂದಾಗಿ ತಿಕ್ರಿ" ಎಂದು ಇಷ್ಟು ವರ್ಷ ನಾನು ಬೋಧಿಸಿದ ಪೇಂಟರುಗಳೆಲ್ಲ ಅಂಗಡಿಗೆ ಬಂದವರು ಹಿತ್ತಲಿಗೂ ಹಣಕಿ ಹೋದರು. ಒಬ್ಬನಂತೂ, "ಸಾವ್ಕಾರ್ರ, ಆ ಮೂಲಿ ಉಳದೈತಿ ನೋಡ್ರಿ, ತಿಕ್ಕೋದ್ರಾಗ ಐತಿ ಎಲ್ಲಾ" ಎಂದು ಹೇಳಿ ಹೋದ.

ನೀರಿನಡಿಗೆ ತಡೆಯುವ ಬಣ್ಣ ನನ್ನ ಅಂಗಡಿಯಲ್ಲಿರಲಿಲ್ಲ. ಅಕ್ಕ ತನ್ನ ಸಾಮಾನಿನಲ್ಲಿ, ಉಪ್ಪಿನಕಾಯಿ ಭರಣಿಗಳ ನಡುವೆ ಒಂದು ಡಬ್ಬಿ ಕಾರವಾರದಿಂದಲೇ ತಂದಿದ್ದಳು. ಬಣ್ಣದಂಗಡಿಯ ಹಿತ್ತಲಿಗೆ ಬೇರೆ ಊರಿನ ಬಣ್ಣ ಬಂತು. ಮುಚ್ಚಳ ತೆಗೆದರೆ ಅದೂ ಕೆಂಪೇ. "ನೋಡಕ್ಕಾ, ನಾನೂ ಕೆಂಪ ಹಚ್ಚಿದ್ದೆ" ಎಂದೆ. ಅವಳು ನೋಡಿದ ನೋಟಕ್ಕೆ ಕುಂಚ ಹಿಡಿದೆ. ಎರಡನೆಯ ಕೈ ಹಚ್ಚುವಾಗ ಅಕ್ಕ ಬಂದು ಪಕ್ಕದಲ್ಲಿ ಮಲಗಿ, ನನ್ನ ಮಣಿಕಟ್ಟು ಹಿಡಿದು, "ಹಿಂಗ, ಉದ್ದಕ" ಎಂದು ತೋರಿಸಿದಳು. ಅವತ್ತು ಸುಮಾ ಕೊಟ್ಟ ಚಹಾವನ್ನು ನಮ್ಮ ಹಿತ್ತಲಲ್ಲೇ ಕುಡಿದು ಹೋದಳು.

ಬೇಸಿಗೆಯಲ್ಲಿ ಬತ್ತಿ, ಮಳೆಗಾಲದಲ್ಲಿ ಉಕ್ಕಿ ಹರಿದ ಹೊಳೆ ದಸರೆ ಕಳೆದು ಶಾಂತವಾದ ಮೇಲೆ ಒಂದು ಬೆಳಿಗ್ಗೆ ದೋಣಿಯನ್ನು ಗುತ್ತಲದಾಚೆ ತುಂಗಭದ್ರೆಯ ದಂಡೆಗೆ ಒಯ್ದೆವು. ಮೌನೇಶಪ್ಪ ತನ್ನ ಜೋಡಣೆಯನ್ನು ನೀರಿನಲ್ಲಿ ನೋಡಲೆಂದೇ ಬಂದಿದ್ದ. ಭಾವ ಕೊಡೆ ಬಿಚ್ಚಿಕೊಂಡು, ಹೊಳೆಗೆ ಬೆನ್ನು ಮಾಡಿ ಕೂತರು. ಹರಿಗೋಲಿನ ಅಂಬಿಗನೊಬ್ಬ ಬೀಡಿ ಸೇದುತ್ತ ಎಲ್ಲವನ್ನೂ ನೋಡುತ್ತಿದ್ದ. ಅಕ್ಕ ಸೀರೆಯನ್ನು ಎತ್ತಿ ಕಚ್ಚೆ ಕಟ್ಟಿದಳು, ಮೇಲೆ ಕಿತ್ತಳೆ ಬಣ್ಣದ ತೇಲುವ ಜಾಕೀಟು ಹಾಕಿದಳು. ಇನ್ನೊಂದನ್ನು ನನ್ನ ಕಡೆ ಎಸೆದಳು.

"ನಾ ಯಾಕ?"

"ಗಾಳಿ ಕಡಿ ಭಾರ ಬೇಕು. ನಿನಗ ಬ್ಯಾರೆ ಏನೂ ಕೆಲಸಿಲ್ಲ. ಸುಮ್ಮ ಕುಂದ್ರು, ಮಾತಾಡಬ್ಯಾಡ."

ಜಾಕೀಟಿನ ಪಟ್ಟಿ ನನ್ನ ಹೊಟ್ಟೆಗೆ ಸಾಲಲಿಲ್ಲ. ಮೌನೇಶಪ್ಪ ಸುತಲಿ ಕೊಟ್ಟು ಕಟ್ಟಿದ. ಕೂತೆ. ಪಟ ಏರಿತು. ಪಟಪಟನೆ ಬಡಿದು, ತುಂಬಿ, ಒಮ್ಮೆಗೇ ದೋಣಿ ವಾಲಿತು. ನಾನು ಕಣ್ಣು ಮುಚ್ಚಿದೆ. ಈಜು ಬಾರದವನಿಗೆ ನೆನಪಾಗುವ ದೇವರುಗಳ ಸಂಖ್ಯೆ ದೊಡ್ಡದು. ಕಾಲಡಿಯಲ್ಲಿ ಮರ ಒಂದು ಸಣ್ಣ ಸದ್ದು ಮಾಡಿತು. ಹೊಸ ತುಂಡು ಕೂಡಿದ ಜಾಗವೇ ಇರಬೇಕೆಂದು ದೋಣಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಅಕ್ಕನೂ ಕಿವಿಗೊಟ್ಟಳೆಂದು ಅವಳು ಉಸಿರು ಹಿಡಿದದ್ದರಿಂದ ತಿಳಿಯಿತು. ಸದ್ದು ಮತ್ತೆ ಬರಲಿಲ್ಲ. ದೋಣಿ ಅಡ್ಡಕ್ಕೆ ಸರಿಯಲೂ ಇಲ್ಲ. ನೀರನ್ನು ಕಚ್ಚಿ ಹಿಡಿದು ಮುಂದೆ ಹೋಯಿತು.

"ಬಸ್ಯಾ, ಕಣ್ಣು ತಗಿ."

ತೆಗೆದೆ. ಹೊಳೆಯ ನಡುವಿದ್ದೆವು. ಯಂತ್ರದ ಸದ್ದಿಲ್ಲ, ಹುಟ್ಟಿನ ಸದ್ದಿಲ್ಲ. ಕೆಳಗೆ ನೀರು ಸರಿಯುವ ಸಪ್ಪಳವಷ್ಟೇ. ಅಕ್ಕ ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಚುಕ್ಕಾಣಿ ಹಿಡಿದು, ಪಟದ ಅಂಚನ್ನೇ ನೋಡುತ್ತ ಕೂತಿದ್ದಳು. ಅರವತ್ತು ದಾಟಿದ ಅವಳ ಮುಖವನ್ನು ನಾನು ಅಷ್ಟು ಹೊತ್ತು ಸುಮ್ಮನೆ ನೋಡಿದ್ದು ಅದೇ ಮೊದಲು.

"ಅಕ್ಕಾ, ಸಣ್ಣವರಿದ್ದಾಗ ಹರಿಗೋಲಿನ್ಯಾಗ ಅತ್ತಾಂವ ನಾನು" ಎಂದೆ.

"ಗೊತ್ತೈತಿ. ನಾನೂ ಅಲ್ಲೇ ಇದ್ದೆ" ಎಂದಳು ಅಕ್ಕ. ಆಮೇಲೆ ತಡೆಯಲಾರದೆ ನಕ್ಕಳು. ಬ್ಯಾಡಗಿಯ ಸೀನಿಗೆ ಬಾಕಿ ಉಳಿದಿದ್ದ ನಗುವೂ ಅದರಲ್ಲಿ ಸೇರಿತ್ತೆಂದು ಕಾಣುತ್ತದೆ, ಬಹಳ ಹೊತ್ತು ನಕ್ಕಳು. ದೋಣಿ ಅಳ್ಳಾಡುವಷ್ಟು.

ದಂಡೆಗೆ ಬಂದಾಗ ಮೌನೇಶಪ್ಪ ಮೊಣಕಾಲುದ್ದ ನೀರಿಗಿಳಿದು ಕೀಲಿನ ಅಡಿ ಕೈಯಾಡಿಸಿ, "ಕೂದಲ ಹೋಗುವಷ್ಟೂ ಸಂದಿ ಬಿಟ್ಟಿಲ್ರಿ ಅಕ್ಕಾರ" ಎಂದ. ಅಂಬಿಗನೂ ಎದ್ದು ಬಂದ. ಬಗ್ಗಿ, ಕೆಂಪಗೆ ಹೊಳೆಯುತ್ತಿದ್ದ ಅಡಿಯನ್ನು ನೋಡಿ, ತಲೆದೂಗಿ, "ಚಲೋ ಮಾಡ್ಯಾರ. ಯಾರ್ರಿ ಮಾಡಿದ್ದು?" ಎಂದ.

"ಕಟಗಿ ಕೂಡಿಸಿದವರು ಈ ಮೌನೇಶಪ್ಪ" ಎಂದಳು ಅಕ್ಕ. "ತಿಕ್ಕಿ ಬಣ್ಣಾ ಹಚ್ಚಿದಾಂವ ನನ್ನ ತಮ್ಮ."

ನಾನು ಸುತಲಿ ಹರಿಯುವ ಹಾಗೆ ಎದೆಯುಬ್ಬಿಸಿದೆ.

"ಮುರದಾಂವನೂ ಅವನ" ಎಂದಳು.

ಅಂಬಿಗ ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದ. ಬೀಡಿಯನ್ನು ಬಾಯಲ್ಲೇ ಕಚ್ಚಿಕೊಂಡು ಹೋಗಿ, ದಂಡೆಯಲ್ಲಿ ಬೋರಲು ಹಾಕಿದ್ದ ತನ್ನ ಹರಿಗೋಲನ್ನು ನನ್ನಿಂದ ನಾಲ್ಕು ಹೆಜ್ಜೆ ಆಚೆಗೆ ಎಳೆದುಕೊಂಡ.